ಹ್ಯಾಂಗ್ ಆದ ಕಂಪ್ಯೂಟರ್: ಆರಿಸುವುದನ್ನು ಕಲಿತ ಬಗೆ

ರೇಡಿಯೋ ಆರಿಸುವುದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಅದರ ಕಿವಿ ಹಿಂಡಿದರೆ ಮಾತು ನಿಲ್ಲುತ್ತಿತ್ತು. ದೀಪ, ಫ್ಯಾನು, ಮಿಕ್ಸರ್ ಯಾವುದಕ್ಕೂ ಆರಿಸುವ ವಿದ್ಯೆಯೆಂಬುದೊಂದು ಬೇಕಾಗಿರಲಿಲ್ಲ. ಆದರೆ ಕಂಪ್ಯೂಟರ್ ಮನೆಗೆ ಬಂದಾಗ ಅದನ್ನು ಹಚ್ಚುವುದಕ್ಕಿಂತ ಆರಿಸುವ ಪಾಠವೇ ದೊಡ್ಡದಾಗಿತ್ತು. "ಹಾಗೆಲ್ಲ ಸ್ವಿಚ್ ಒತ್ತಬೇಡಿ, ಹಾಳಾಗುತ್ತದೆ" ಎಂಬ ಎಚ್ಚರಿಕೆಯನ್ನು ಕೇಳದೆ ಕಂಪ್ಯೂಟರ್ ಕಲಿತವರು ನಮ್ಮಲ್ಲಿ ಕಡಿಮೆ. ಯಂತ್ರ ಕೆಲಸ ಮಾಡುತ್ತಿರುವಾಗಲೇ ಇಷ್ಟು ಭಯವಿದ್ದರೆ, ಅದು ಹ್ಯಾಂಗ್ ಆಗಿ, ಬಾಣದ ಗುರುತು ಅಲುಗದೆ, ಒತ್ತಿದ ಅಕ್ಷರ ಮೂಡದೆ ನಿಂತಾಗ ಏನು ಮಾಡಬೇಕು? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ತಪ್ಪು ಯಾರದು ಮತ್ತು ಹೊಣೆ ಯಾರದು ಎಂಬ ವಾದ ಆ ಚರಿತ್ರೆಯ ಉದ್ದಕ್ಕೂ ನಡೆದಿದೆ.

ಮೊದಲು ಭಯದ ಕಾರಣವನ್ನು ತಿಳಿಯೋಣ. ಕಂಪ್ಯೂಟರಿಗೆ ಎರಡು ಬಗೆಯ ನೆನಪುಗಳಿವೆ. ಒಂದು ರ‍್ಯಾಮ್. ಅದು ಬಲು ಚುರುಕು, ಆದರೆ ಕರೆಂಟು ಹೋದೊಡನೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಇನ್ನೊಂದು ಡಿಸ್ಕ್. ಅದು ನಿಧಾನ, ಆದರೆ ಕರೆಂಟು ಇಲ್ಲದಿದ್ದರೂ ಉಳಿಯುತ್ತದೆ. ನಾವು ಬರೆಯುವುದೆಲ್ಲ ಮೊದಲು ರ‍್ಯಾಮಿನಲ್ಲಿರುತ್ತದೆ. ಸೇವ್ ಮಾಡಿದಾಗ ಡಿಸ್ಕಿಗೆ ಹೋಗುತ್ತದೆ. ಅದೂ ತಕ್ಷಣ ಹೋಗಬೇಕೆಂದಿಲ್ಲ. ವೇಗಕ್ಕಾಗಿ ಯಂತ್ರ ಸ್ವಲ್ಪ ಹೊತ್ತು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಒಂದು ಕಡತವನ್ನು ಬರೆಯುವುದೆಂದರೆ ಒಂದೇ ಕೆಲಸವೂ ಅಲ್ಲ. ಜಾಗ ಕಾದಿರಿಸಬೇಕು, ಅಕ್ಷರಗಳನ್ನು ಇಡಬೇಕು, ಯಾವ ಹೆಸರಿನ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು ತಿದ್ದಬೇಕು. ಈ ಮೂರರ ನಡುವೆ ಕರೆಂಟು ಹೋದರೆ ಪಟ್ಟಿಯೊಂದು ಹೇಳುತ್ತದೆ, ಡಿಸ್ಕ್ ಇನ್ನೊಂದು ಹೇಳುತ್ತದೆ. ನಿಜವಾದ ಅಪಾಯ ಇದು. ಕಬ್ಬಿಣಕ್ಕೆ ಏನೂ ಆಗುವುದಿಲ್ಲ, ಲೆಕ್ಕ ತಪ್ಪುತ್ತದೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಬೆಳೆದ ಯುನಿಕ್ಸ್ ವ್ಯವಸ್ಥೆಯನ್ನು ನಡೆಸುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ರ‍್ಯಾಮಿನಲ್ಲಿ ಬಾಕಿ ಇರುವುದನ್ನೆಲ್ಲ ಡಿಸ್ಕಿಗೆ ಬರೆಯಲು ಅಲ್ಲಿ 'ಸಿಂಕ್' ಎಂಬ ಆಜ್ಞೆ ಇತ್ತು. ಹಳಬರು ಹೊಸಬರಿಗೆ ಹೇಳಿಕೊಟ್ಟದ್ದು, ಯಂತ್ರ ನಿಲ್ಲಿಸುವ ಮೊದಲು ಸಿಂಕ್ ಎಂದು ಮೂರು ಸಲ, ಮೂರು ಬೇರೆ ಬೇರೆ ಸಾಲುಗಳಲ್ಲಿ ಬರೆಯಬೇಕೆಂದು. ಕೇಳಿದರೆ ಮಂತ್ರದಂತೆ ತೋರುತ್ತದೆ. ಗುಟ್ಟು ಸರಳ. ಆ ಆಜ್ಞೆ ಬರವಣಿಗೆಯನ್ನು ಶುರುಮಾಡಿಸುತ್ತಿತ್ತು, ಮುಗಿಯುವವರೆಗೆ ಕಾಯುತ್ತಿರಲಿಲ್ಲ. ಎರಡನೆಯ, ಮೂರನೆಯ ಸಲ ಟೈಪು ಮಾಡುವಷ್ಟರಲ್ಲಿ ಮೊದಲಿನ ಕೆಲಸ ಮುಗಿದಿರುತ್ತಿತ್ತು. ಅಂದರೆ ಆ ಮಂತ್ರದ ಫಲ ತಾಳ್ಮೆಯದು. ಹಾಗಿದ್ದೂ ಯಂತ್ರ ನಡುವೆ ನಿಂತುಹೋದರೆ, ಮತ್ತೆ ಹಚ್ಚಿದಾಗ ಡಿಸ್ಕನ್ನೆಲ್ಲ ಹುಡುಕಿ ತಪ್ಪಿದ ಲೆಕ್ಕ ಸರಿಮಾಡಲು 1970ರ ದಶಕದ ಕೊನೆಯ ಹೊತ್ತಿಗೆ ಬೇರೆಯೇ ಒಂದು ಪ್ರೋಗ್ರಾಮು ಬಂತು.

ಮನುಷ್ಯನ ಜೀವವೇ ಪಣಕ್ಕಿದ್ದ ಕಡೆ ಈ ಯೋಚನೆ ಇನ್ನೂ ಮುಂದೆ ಹೋಗಿತ್ತು. 1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನ ಮೇಲೆ ಇಳಿಯಲು ಕೆಲವೇ ನಿಮಿಷಗಳಿದ್ದಾಗ ಅದರ ಕಂಪ್ಯೂಟರ್ 1202 ಎಂಬ ಅಪಾಯದ ಸಂಖ್ಯೆಯನ್ನು ತೋರಿಸಿತು. ಆಗ ಬೇಕಿಲ್ಲದ ಒಂದು ರಾಡಾರಿನಿಂದ ಹೊರೆ ಬಿದ್ದು ಅದಕ್ಕೆ ಕೆಲಸ ಮುಗಿಸಲು ಪುರಸೊತ್ತಿಲ್ಲದಂತಾಗಿತ್ತು. ಆದರೆ ಎಂಐಟಿಯಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ನೇತೃತ್ವದ ತಂಡ ಬರೆದ ತಂತ್ರಾಂಶಕ್ಕೆ ಇಂಥ ಗಳಿಗೆ ಬರಬಹುದೆಂದು ಗೊತ್ತಿತ್ತು. ಅದು ತನ್ನನ್ನು ತಾನೇ ಮತ್ತೆ ಆರಂಭಿಸಿಕೊಂಡಿತು, ಮುಖ್ಯವಲ್ಲದ ಕೆಲಸಗಳನ್ನು ಬಿಟ್ಟಿತು, ಇಳಿಸುವ ಕೆಲಸವನ್ನು ನಿಂತಲ್ಲಿಂದಲೇ ಮುಂದುವರಿಸಿತು. ಗಗನಯಾತ್ರಿಗಳು ಯಾವ ಪ್ಲಗ್ಗನ್ನೂ ಕೀಳಬೇಕಾಗಲಿಲ್ಲ. ಯಂತ್ರ ಕೆಡಬಹುದೆಂದು ಮೊದಲೇ ಒಪ್ಪಿಕೊಂಡವರು ಅದನ್ನು ಕಟ್ಟಿದ್ದರು.

ಆ ವಿವೇಕ ಮನೆಯ ಮೇಜಿನ ತನಕ ಬರಲು ಮೂರು ದಶಕಗಳೇ ಬೇಕಾದವು. 1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ 2 ಕಂಪ್ಯೂಟರಿನಲ್ಲಿ ಎಲ್ಲವನ್ನೂ ನಿಲ್ಲಿಸುವ ರಿಸೆಟ್ ಕೀಲಿ, ಸಾಲಿನ ಕೊನೆಗೆ ಒತ್ತುವ ರಿಟರ್ನ್ ಕೀಲಿಯ ಮೇಲ್ಗಡೆಯೇ ಇತ್ತು. ಬೆರಳು ತುಸು ಜಾರಿದರೆ ಕೆಲಸವೆಲ್ಲ ಹೋಯಿತು. ಮುಂದೆ ಕಂಟ್ರೋಲ್ ಕೀಲಿಯನ್ನೂ ಜೊತೆಗೆ ಒತ್ತಿದರೆ ಮಾತ್ರ ಅದು ನಡೆಯುವಂತೆ ಬದಲಾಯಿಸಬೇಕಾಯಿತು.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಅದನ್ನು ಫ್ಲೋರಿಡಾದ ಬೋಕಾ ರೇಟನ್‌ನಲ್ಲಿ ಕಟ್ಟಿದ ಎಂಜಿನಿಯರುಗಳಲ್ಲಿ ಡೇವಿಡ್ ಬ್ರಾಡ್ಲಿ ಒಬ್ಬರು. ಪರೀಕ್ಷೆಯ ದಿನಗಳಲ್ಲಿ ಯಂತ್ರ ಪದೇ ಪದೇ ಹ್ಯಾಂಗ್ ಆಗುತ್ತಿತ್ತು. ಪ್ರತಿ ಸಲ ಆರಿಸಿ ಹಚ್ಚಿದರೆ ಅದು ತನ್ನ ನೆನಪನ್ನೆಲ್ಲ ಮೊದಲಿನಿಂದ ಪರೀಕ್ಷಿಸಿಕೊಳ್ಳುತ್ತ ಕೂರುತ್ತಿತ್ತು. ಆ ಕಾಯುವಿಕೆ ತಪ್ಪಿಸಲು ಬ್ರಾಡ್ಲಿ ಮೂರು ಕೀಲಿಗಳ ಉಪಾಯ ಮಾಡಿದರು. ಕೀಲಿಗಳನ್ನು ಒತ್ತಿದಾಗ ನೆನಪಿನ ಒಂದು ಜಾಗದಲ್ಲಿ 1234 ಎಂಬ ಗುರುತು ಬೀಳುತ್ತದೆ. ಯಂತ್ರ ಅದನ್ನು ಕಂಡು ದೀರ್ಘ ಪರೀಕ್ಷೆಯನ್ನು ಬಿಟ್ಟು ಬೇಗ ಎದ್ದು ನಿಲ್ಲುತ್ತದೆ. ಮೊದಲು ಆರಿಸಿದ್ದು ಕಂಟ್ರೋಲ್, ಆಲ್ಟ್, ಎಸ್ಕೇಪ್. ಆ ಮೂರೂ ಕೀಲಿಮಣೆಯ ಎಡಗಡೆಗೇ ಇದ್ದುದರಿಂದ ಕೈ ತಾಗಿ ಅವಘಡವಾಗಬಹುದೆಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಎಸ್ಕೇಪ್ ಬದಲು ಬಲತುದಿಯ ಡಿಲೀಟ್ ಬಂತು. ಎರಡೂ ಕೈ ಬೇಕು, ಮನಸ್ಸು ಮಾಡಿಯೇ ಒತ್ತಬೇಕು. ಕಂಟ್ರೋಲ್-ಆಲ್ಟ್-ಡಿಲೀಟ್ ಹುಟ್ಟಿದ್ದು ಹೀಗೆ, ಅದೂ ಒಳಗಿನವರ ಅನುಕೂಲಕ್ಕಾಗಿ. 2001ರಲ್ಲಿ ಪಿಸಿಯ ಇಪ್ಪತ್ತನೆಯ ವರ್ಷದ ಸಮಾರಂಭದಲ್ಲಿ ಬಿಲ್ ಗೇಟ್ಸ್ ಎದುರಿನಲ್ಲೇ ಬ್ರಾಡ್ಲಿ ನಗುತ್ತ, ತಾನು ಅದನ್ನು ಕಂಡುಹಿಡಿದಿರಬಹುದು, ಹೆಸರುವಾಸಿ ಮಾಡಿದವರು ಮಾತ್ರ ಬಿಲ್ ಎಂದರು. ಸಭೆ ನಕ್ಕಿತು. ವಿಂಡೋಸ್ ಎಷ್ಟು ಸಲ ಹ್ಯಾಂಗ್ ಆಗುತ್ತಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆದರೆ ಆ ಮೂರು ಕೀಲಿಗಳು ಪಿಸಿಯಲ್ಲಿ ಮಾಡುತ್ತಿದ್ದುದು ಕುರುಡು ಕೆಲಸ. ಏನು ಬಾಕಿ ಇದೆ ಎಂದು ಕೇಳದೆ ಎಲ್ಲವನ್ನೂ ಒಮ್ಮೆಲೇ ಮುಗಿಸುತ್ತಿದ್ದವು. ಒಬ್ಬ ಮಾಡಿದ ತಪ್ಪಿಗೆ ಇಡೀ ಮನೆಯನ್ನು ಖಾಲಿ ಮಾಡಿಸಿದಂತೆ. 1991ರಲ್ಲಿ ಆಪಲ್ ತನ್ನ ಸಿಸ್ಟಂ 7ರಲ್ಲಿ, 1992ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 3.1ರಲ್ಲಿ, ಹ್ಯಾಂಗ್ ಆದ ಒಂದು ಪ್ರೋಗ್ರಾಮನ್ನು ಮಾತ್ರ ಮುಚ್ಚುವ ದಾರಿ ಕೊಟ್ಟವು. 3.1ರಲ್ಲಿ ಅದೇ ಮೂರು ಕೀಲಿ ಒತ್ತಿದರೆ ನೀಲಿ ಪರದೆ ಬಂದು, ಇದೊಂದನ್ನೇ ಮುಚ್ಚಬೇಕೇ, ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕೇ ಎಂದು ಕೇಳುತ್ತಿತ್ತು. 1996ರ ವಿಂಡೋಸ್ ಎನ್‌ಟಿ 4ರಲ್ಲಿ ಟಾಸ್ಕ್ ಮ್ಯಾನೇಜರ್ ಬಂತು. ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಉತ್ತರ ಕೊಡುತ್ತಿಲ್ಲ ಎಂಬ ಹಾಜರಿ ಪುಸ್ತಕ ಬಳಕೆದಾರನ ಕೈಗೆ ಸಿಕ್ಕಿದಂತಾಯಿತು.

ಇನ್ನು 1995ಕ್ಕೆ ಬರೋಣ. ಆ ವರ್ಷದ ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟು ಕಾದರೆ, ಈಗ ಕಂಪ್ಯೂಟರನ್ನು ಆರಿಸಿದರೆ ಅಪಾಯವಿಲ್ಲ ಎಂಬರ್ಥದ ಕಿತ್ತಳೆ ಬಣ್ಣದ ಅಕ್ಷರಗಳು ಕಪ್ಪು ಪರದೆಯ ಮೇಲೆ ಬರುತ್ತಿದ್ದವು. ಅಪ್ಪಣೆ ಸಿಕ್ಕಿದ ಮೇಲೆ ನಾವು ಸ್ವಿಚ್ ಒತ್ತಬೇಕಾಗಿತ್ತು. ಅಪ್ಪಣೆಯಿಲ್ಲದೆ ಆರಿದರೆ? ವಿಂಡೋಸ್ 98 ಮರುದಿನ ಸ್ಕ್ಯಾನ್‌ಡಿಸ್ಕ್ ಓಡಿಸುತ್ತ, ಸರಿಯಾಗಿ ಶಟ್‌ಡೌನ್ ಮಾಡದ ಕಾರಣ ಡಿಸ್ಕಿನಲ್ಲಿ ದೋಷಗಳಿರಬಹುದು, ಇಂಥ ಸಂದೇಶ ಮತ್ತೆ ಬರಬಾರದೆಂದಿದ್ದರೆ ಯಾವಾಗಲೂ ಸ್ಟಾರ್ಟ್ ಮೆನುವಿನಿಂದಲೇ ಆರಿಸಿ ಎಂದು ಬುದ್ಧಿ ಹೇಳುತ್ತಿತ್ತು. ಲೋಡ್‌ಶೆಡ್ಡಿಂಗ್ ದಿನಚರಿಯಾಗಿದ್ದ ನಮ್ಮ ಊರುಗಳಲ್ಲಿ ಈ ಉಪದೇಶವನ್ನು ಓದಿದವರ ಮನಸ್ಸು ಹೇಗಿದ್ದಿರಬೇಕು! ಡಿಟಿಪಿ ಅಂಗಡಿಯಲ್ಲಿ 'ಬರಹ'ದಲ್ಲೋ 'ನುಡಿ'ಯಲ್ಲೋ ಕನ್ನಡ ಲಗ್ನಪತ್ರಿಕೆ, 'ಇನ್‌ಪೇಜ್'ನಲ್ಲಿ ಉರ್ದು ದಾವತ್‌ನಾಮಾ ಕೂರಿಸುತ್ತಿದ್ದ ಹುಡುಗ ಏನೂ ತಪ್ಪು ಮಾಡಿರಲಿಲ್ಲ. ಕರೆಂಟು ಹೋಗಿತ್ತು, ಅಷ್ಟೇ. ಕೆಲಸ ಕಳೆದುಕೊಂಡವನೂ ಅವನೇ, ಬೈಸಿಕೊಂಡವನೂ ಅವನೇ. ಯುಪಿಎಸ್ ಎಂಬ ಪೆಟ್ಟಿಗೆ ಕೊಡುತ್ತಿದ್ದ ಹತ್ತು ಹದಿನೈದು ನಿಮಿಷಕ್ಕೆ ಆ ಅಂಗಡಿಗಳವರು ಹಣ ಸುರಿದದ್ದು ಶೋಕಿಗಲ್ಲ.

ಬದಲಾವಣೆ ಎರಡು ಕಡೆಯಿಂದ ಬಂತು. ಮೊದಲನೆಯದು ಸ್ವಿಚ್ಚಿನಲ್ಲಿ. ಹಳೆಯ ಪಿಸಿಯ ಸ್ವಿಚ್ ವಿದ್ಯುತ್ತನ್ನೇ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿ ಮತ್ತು 1996ರ ಕೊನೆಯಲ್ಲಿ ಪ್ರಕಟವಾದ ಎಸಿಪಿಐ ನಿಯಮಗಳ ನಂತರ, ಆ ಗುಂಡಿ ಕಡಿಯುವ ಬದಲು ಕೇಳಿಕೊಳ್ಳತೊಡಗಿತು. ಒಮ್ಮೆ ಒತ್ತಿ ಬಿಟ್ಟರೆ ಅದು ಕಾರ್ಯವ್ಯವಸ್ಥೆಗೆ ಒಂದು ಸೂಚನೆ ಮಾತ್ರ. ಯಾವ ಸೂಚನೆಯೂ ಒಳಗೆ ತಲುಪದಷ್ಟು ಯಂತ್ರ ಸ್ತಬ್ಧವಾಗಿದ್ದರೆ, ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ವಿದ್ಯುತ್ ನಿಲ್ಲುತ್ತದೆ. ಮೊದಲು ಮಾತು, ಆಮೇಲೆ ಬಲ ಎಂಬ ಕ್ರಮವನ್ನು ಗುಂಡಿಯೊಳಗೇ ಇಟ್ಟರು.

ಎರಡನೆಯದು ಡಿಸ್ಕಿನ ಲೆಕ್ಕದಲ್ಲಿ. ನಮ್ಮ ಮಂಡಿ ವ್ಯಾಪಾರಿಗಳು ದಿನದ ವ್ಯವಹಾರವನ್ನು ಮೊದಲು ಕಿರ್ದಿ ಪುಸ್ತಕದಲ್ಲಿ ಬರೆದು, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದರು. ಏರಿಸುವಾಗ ನಡುವೆ ಯಾರೋ ಕರೆದು ಎದ್ದುಹೋದರೂ ಚಿಂತೆಯಿಲ್ಲ. ಕಿರ್ದಿ ನೋಡಿ ಮುಂದುವರಿಸಿದರಾಯಿತು. ಕಂಪ್ಯೂಟರಿಗೂ ಇದೇ ಕಿರ್ದಿಯನ್ನು ಕೊಟ್ಟರು. ಇಂಗ್ಲಿಷಿನ 'ಜರ್ನಲ್' ಎಂಬ ಅದರ ಹೆಸರಿನ ಅರ್ಥವೂ ಅದೇ. ಏನು ಮಾಡಲಿದ್ದೇನೆ ಎಂದು ಮೊದಲು ಅಲ್ಲಿ ಬರೆದು, ಆಮೇಲೆ ಮಾಡುವುದು. ನಡುವೆ ಕರೆಂಟು ಹೋದರೆ, ಮತ್ತೆ ಹಚ್ಚಿದಾಗ ಕಿರ್ದಿಯಲ್ಲಿ ಪೂರ್ತಿಯಾಗಿ ಬರೆದದ್ದನ್ನು ಮುಗಿಸುವುದು, ಅರ್ಧ ಬರೆದದ್ದನ್ನು ಬಿಟ್ಟುಬಿಡುವುದು. ಐಬಿಎಂನ ದೊಡ್ಡ ಯಂತ್ರಗಳಿಗೆ 1990ರಲ್ಲಿ, ವಿಂಡೋಸ್ ಎನ್‌ಟಿಗೆ 1993ರಲ್ಲಿ ಈ ಪದ್ಧತಿ ಬಂದಿತ್ತು. 2001ರ ಅಕ್ಟೋಬರಿನ ವಿಂಡೋಸ್ ಎಕ್ಸ್‌ಪಿಯೊಂದಿಗೆ ಮನೆಗಳಿಗೆ ಬಂತು. ಅದೇ ನವೆಂಬರಿನಲ್ಲಿ ಲಿನಕ್ಸ್‌ಗೆ ಇಎಕ್ಸ್‌ಟಿ3 ಸೇರಿತು. ಮರುವರ್ಷ ಆಪಲ್ ಕೂಡ ತನ್ನ ವ್ಯವಸ್ಥೆಗೆ ಅದನ್ನು ಸೇರಿಸಿತು. ಬಳಕೆದಾರನನ್ನು ಗದರುವುದನ್ನು ಬಿಟ್ಟು ಯಂತ್ರ ತನ್ನ ಹೊಣೆಯನ್ನು ತಾನೇ ಹೊತ್ತುಕೊಂಡ ಕಾಲವದು.

ಇಂದು ಹ್ಯಾಂಗ್ ಆದ ಕಂಪ್ಯೂಟರಿನ ಮುಂದೆ ಕುಳಿತವರು ಮಾಡಬೇಕಾದ್ದು ಈ ಚರಿತ್ರೆಯನ್ನು ಅದರ ಕ್ರಮದಲ್ಲೇ ನಡೆಸುವುದು. ಮೊದಲು ಎರಡು ಮೂರು ನಿಮಿಷ ಕಾಯಬೇಕು. ಐದು ಸೆಕೆಂಡು ಪ್ರತಿಕ್ರಿಯೆ ಇಲ್ಲದಿದ್ದರೇ ವಿಂಡೋಸ್ ಒಂದು ಪ್ರೋಗ್ರಾಮನ್ನು ಉತ್ತರಿಸುತ್ತಿಲ್ಲ ಎಂದು ಗುರುತಿಸುತ್ತದೆ. ಅದು ಸತ್ತಿದೆ ಎಂದು ಅರ್ಥವಲ್ಲ, ದೊಡ್ಡ ಕೆಲಸದಲ್ಲಿ ಮುಳುಗಿರಬಹುದು. ಆಮೇಲೆ ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಆ ಒಂದನ್ನೇ ಮುಚ್ಚಬೇಕು. ಮ್ಯಾಕ್‌ನಲ್ಲಾದರೆ ಕಮಾಂಡ್-ಆಪ್ಷನ್-ಎಸ್ಕೇಪ್. ಆಗದಿದ್ದರೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ, ಬರುವ ಪರದೆಯ ಮೂಲೆಯ ಪವರ್ ಚಿಹ್ನೆಯಿಂದ ಶಟ್‌ಡೌನ್. ಅದೂ ಬರದಿದ್ದರೆ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು ನೋಡಬೇಕು. ಲ್ಯಾಪ್‌ಟಾಪ್ ಆದರೆ ಅದು ಆರುವ ಬದಲು ಮಲಗುವುದೂ ಉಂಟು. ಕೊನೆಗೆ, ಡಿಸ್ಕಿನ ದೀಪವಿದ್ದರೆ ಅದು ಮಿನುಗುವುದು ನಿಂತ ಮೇಲೆ, ಗುಂಡಿಯನ್ನು ಆರುವ ತನಕ ಒತ್ತಿ ಹಿಡಿಯಬೇಕು. ಯುಎಸ್‌ಬಿ ಡ್ರೈವ್ ಚುಚ್ಚಿದ್ದರೆ ಆರಿದ ಮೇಲೇ ಕೀಳಬೇಕು. ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ ಎಂದಿದ್ದರೆ ಮಾತ್ರ ಈ ಆತುರ ಯಾವುದೂ ಬೇಡ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕಿರ್ದಿ ಕಾಯುವುದು ಡಿಸ್ಕಿಗೆ ತಲುಪಿದ್ದನ್ನು, ಅದರ ಪಟ್ಟಿಗಳನ್ನು. ಸೇವ್ ಮಾಡದೆ ಪರದೆಯ ಮೇಲೆ ಮಾತ್ರ ಇದ್ದ ಸಾಲನ್ನು ಅದು ಕಾಯಲಾರದು. ತಾನಾಗಿಯೇ ಆಗಾಗ ಪ್ರತಿ ಇಟ್ಟುಕೊಳ್ಳುವ ತಂತ್ರಾಂಶಗಳು ಬಂದಿದ್ದರೂ ಎರಡು ಪ್ರತಿಗಳ ನಡುವಿನ ಆ ಕೆಲವು ನಿಮಿಷಗಳು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ ಕೂಡಲೇ ಬರೆದಿಡಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಎದುರಿನವನ ಮೇಲಿನ ಅನುಮಾನದಿಂದಲ್ಲ. ಮನುಷ್ಯನಿಗೆ ಮರೆವಿದೆ, ಆಯುಸ್ಸಿಗೆ ಭರವಸೆಯಿಲ್ಲ ಎಂಬ ತಿಳಿವಿನಿಂದ. ಅಪೊಲೊ ಯಂತ್ರವನ್ನು ಕಟ್ಟಿದವರಿಗೂ ಕಿರ್ದಿಯನ್ನು ಡಿಸ್ಕಿಗೆ ಕೊಟ್ಟವರಿಗೂ ಇದ್ದದ್ದು ಅದೇ ತಿಳಿವು. ನಿಲ್ಲದ ಯಂತ್ರವನ್ನು ಯಾರೂ ಕಟ್ಟಲಿಲ್ಲ. ನಿಂತಾಗ ಇನ್ನೊಬ್ಬರ ಅಮಾನತ್ತು ಹಾಳಾಗದಂತೆ ನಿಲ್ಲುವ ಯಂತ್ರವನ್ನು ಕಟ್ಟಿದರು. ಅದಕ್ಕೆ ಬೇಕಾದ ಮೊದಲ ಗುಣ, ತಾನೂ ಕೆಡಬಲ್ಲೆ ಎಂಬ ಒಪ್ಪಿಗೆ. ಆ ಗುಣ ಯಂತ್ರಗಳಿಗೆ ಬರಲು ಇಷ್ಟು ವರ್ಷಗಳಾದವು. ಕಚೇರಿಗಳಲ್ಲೂ ಮನೆಗಳಲ್ಲೂ ಹ್ಯಾಂಗ್ ಆಗಿ ನಿಂತಿರುವ ಎಷ್ಟೋ ಕೆಲಸಗಳ ಮುಂದೆ, ಸ್ಕ್ಯಾನ್‌ಡಿಸ್ಕಿನಂತೆ ಎದುರಿನವರನ್ನೇ ಗದರುವವರು ಇನ್ನೂ ಇದ್ದಾರೆ.