ಮುಯ್ಯಿ ಮೊದಲು ಹಾಕಿದವರು ಯಾರು?

ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕ್ಲೈಂಟಿಗೆ ಬರೆದ ಮೇಲ್ ಕಳಿಸೋ ಮುಂಚೆ ನನಗೆ ತೋರಿಸಿದ. ಕೊನೆಯ ಸಾಲು ಹೀಗಿತ್ತು: ‘ವಿ ವಿಲ್ ರೆಸಿಪ್ರೊಕೇಟ್ ಬ್ಯಾಕ್ ಬೈ ಮಂಡೇ.’ ‘ಆ ಬ್ಯಾಕ್ ತೆಗಿ ಮಾರಾಯ, ಅದು ರೆಸಿಪ್ರೊಕೇಟ್ ಒಳಗೇ ಕೂತಿದೆ. ಆಮೇಲೆ ರೆಸಿಪ್ರೊಕೇಟನ್ನೂ ತೆಗಿ. ನೀನು ಹೇಳ್ತಿರೋದು ಸೋಮವಾರ ಉತ್ತರ ಕೊಡ್ತೀವಿ ಅಂತ ಅಷ್ಟೇ’ ಅಂದೆ. ಹುಡುಗ ಜಾಣ. ‘ಹಾಗಾದ್ರೆ ರೆಸಿಪ್ರೊಕೇಟ್‌ಗೆ ಕನ್ನಡದಲ್ಲಿ ಏನಂತಾರೆ ಸರ್?’ ಅಂದ. ‘ಪ್ರತಿಸ್ಪಂದಿಸು’ ಅಂದೆ. ನನಗೇ ಸಮಾಧಾನ ಆಗಲಿಲ್ಲ. ಸ್ಪಂದನೆ ಅಂದರೆ ಬರೀ ಮನಸ್ಸು ಮಿಡಿಯೋದು. ಇದರಲ್ಲಿ ಕೈಯಿಂದ ಕೈಗೆ ಏನಾದರೂ ಹೋಗಬೇಕು, ಬರಬೇಕು.

ಸಂಜೆ ಗಜೇಂದ್ರಗಡಕ್ಕೆ, ಅವ್ವನಿಗೆ ಫೋನ್ ಮಾಡಿದಾಗ ಕೇಳಿದೆ. ‘ಅವ್ವಾ, ಒಬ್ಬರು ನಮಗ ಏನರ ಮಾಡಿದ್ರ, ನಾವೂ ತಿರುಗಿ ಅವರಿಗೆ ಅದನ್ನ ಮಾಡೋದಕ್ಕ ಏನಂತಾರ?’

‘ಮುಯ್ಯಿ ಅಂತಾರ. ಇದೂ ಗೊತ್ತಿಲ್ಲೇನು ನಿನಗ?’ ಅಂದಳು. ಆಮೇಲೆ ಅವಳೇ ಒಂದು ಪ್ರಶ್ನೆ ಹಾಕಿದಳು: ‘ಛಲೋದಕ್ಕೋ, ಕೆಟ್ಟದ್ದಕ್ಕೋ?’

ಈ ಪ್ರಶ್ನೆ ಇಂಗ್ಲಿಷಿನವರು ಕೇಳೋದು ಕಡಿಮೆ. ರೆಸಿಪ್ರೊಕೇಟ್ ಲ್ಯಾಟಿನ್ನಿನಿಂದ ಬಂದ ಪದ. ಮೂಲದಲ್ಲಿ ಹಿಂದಕ್ಕೂ ಮುಂದಕ್ಕೂ ಆಡೋದು ಅಂತಷ್ಟೇ ಅರ್ಥ. ಇಂಜಿನ್ನಿನ ಪಿಸ್ಟನ್ ಮಾಡೋದು ಇದನ್ನೇ. ನಮ್ಮೂರ ಕೈಮಗ್ಗದಲ್ಲಿ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿ ಮತ್ತೆ ವಾಪಸ್ ಬರುತ್ತಲ್ಲ, ಅದೂ ಇದೇ. ಬರಬರುತ್ತಾ ಇಂಗ್ಲಿಷಿನಲ್ಲಿ ಈ ಪದ ಸಭ್ಯವಾಯ್ತು. ಪ್ರೀತಿಗೆ ಪ್ರೀತಿ, ಊಟಕ್ಕೆ ಊಟ, ಸಹಾಯಕ್ಕೆ ಸಹಾಯ ಆದರೆ ರೆಸಿಪ್ರೊಕೇಟ್. ಏಟಿಗೆ ಏಟು ಆದರೆ ರಿಟಾಲಿಯೇಟ್. ಆದರೂ ಹಳೇ ಚಾಳಿ ಪೂರ್ತಿ ಹೋಗಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕ ದೇಶದೇಶಗಳ ಮೇಲೆ ಸುಂಕ ಹೇರಿದಾಗ ಅದಕ್ಕಿಟ್ಟ ಹೆಸರು ‘ರೆಸಿಪ್ರೊಕಲ್ ಟ್ಯಾರಿಫ್’. ಏಟಿಗೆ ಸಭ್ಯ ಪದದ ಅಂಗಿ ತೊಡಿಸಿದ್ದು.

ಕನ್ನಡಕ್ಕೆ ಈ ಮುಜುಗರ ಇಲ್ಲ. ಮದುವೆ ಮನೆಯಲ್ಲಿ ಕೊಡೋದು ಮುಯ್ಯಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಬರೋದು ಮುಯ್ಯಿ ಆಳು. ಸೇಡು ತೀರಿಸಿಕೊಳ್ಳೋದೂ ಮುಯ್ಯಿಗೆ ಮುಯ್ಯಿ. ಉಡುಗೊರೆಗೂ ಹಗೆಗೂ ಒಂದೇ ಪದ.

ಆದರೆ ಎರಡೂ ಭಾಷೆಗೆ ಒಂದು ಮಾತು ಸಮ. ರೆಸಿಪ್ರೊಕೇಟ್ ಮಾಡುವವರು ಯಾವಾಗಲೂ ಎರಡನೆಯವರು. ಮೊದಲು ಕೊಟ್ಟವನು ಬರೀ ಕೊಡುತ್ತಾನೆ, ಮೊದಲು ಹೊಡೆದವನು ಬರೀ ಹೊಡೆಯುತ್ತಾನೆ. ಮುಯ್ಯಿ ತೀರಿಸೋದು ಇನ್ನೊಬ್ಬನ ಪಾಲು. ಹಾಗಾಗಿ ಜಗಳ ಅಂತ ಬಂದಾಗ ಪ್ರತಿಯೊಬ್ಬರೂ ನಾವು ಎರಡನೆಯವರು ಅಂತಾರೆ. ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ, ನಮ್ಮೂರಿನ ಹೆಸರೇ ಇದೆ.

ಇವತ್ತು ಗಜೇಂದ್ರಗಡ ಅಂದರೆ ಗುಡ್ಡದ ಮೇಲಿನ ಗಾಳಿಯಂತ್ರ, ಕಾಲಕಾಲೇಶ್ವರ, ಪಟ್ಟೆದ ಅಂಚಿನ ಸೀರೆ. ಇತಿಹಾಸದ ಪುಸ್ತಕದಲ್ಲಿ ಮಾತ್ರ ಒಂದು ಸಾಲು: 1787, ಟಿಪ್ಪುವಿಗೂ ಮರಾಠರಿಗೂ ಗಜೇಂದ್ರಗಡ ಒಪ್ಪಂದ. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ. ಆ ಸಾಲಿನ ಹಿಂದೆ ಎರಡು ವರ್ಷದ ಮುಯ್ಯಿ ಇದೆ.

ಶುರುವಾಗಿದ್ದು ನರಗುಂದದಿಂದ. ಹೈದರಾಲಿ ಕೃಷ್ಣಾ ನದಿ ತನಕದ ಸೀಮೆ ಹಿಡಿದಾಗ ನರಗುಂದದ ದೇಸಾಯಿ ಮೈಸೂರಿಗೆ ಕಪ್ಪ ಕೊಡುವವನಾದ. 1782ರಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ಹೆಚ್ಚು ಕಪ್ಪ ಕೇಳಿದ. ದೇಸಾಯಿ ವೆಂಕಟರಾವ್ ಭಾವೆ ಪುಣೆಯ ಕಡೆ ತಿರುಗಿದ. ಮೊದಲಿಂದ ಎಷ್ಟಿದೆಯೋ ಅಷ್ಟೇ ಕೇಳಬೇಕು ಅನ್ನೋದು ಪುಣೆಯ ವಾದ. ನನಗೆ ಕಪ್ಪ ಕೊಡುವವನು ನಿಮ್ಮ ಹತ್ತಿರ ಯಾಕೆ ಬಂದ ಅನ್ನೋದು ಟಿಪ್ಪುವಿನ ವಾದ. 1785ರಲ್ಲಿ ಮೈಸೂರು ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ತಡೆದುಕೊಂಡ ಕೋಟೆ ಕೊನೆಗೆ ಮಾತಿನ ಮೇಲೆ ನಂಬಿಕೆ ಇಟ್ಟು ಶರಣಾಯ್ತು. ಮಾತು ಉಳಿಯಲಿಲ್ಲ. ದೇಸಾಯಿಯನ್ನು ಸಂಕೋಲೆ ಹಾಕಿ ಕಬ್ಬಾಳದುರ್ಗಕ್ಕೆ ಕಳಿಸಿದರು.

ಈಗ ಪುಣೆಯ ಸರದಿ. ನಾನಾ ಫಡ್ನವೀಸ ಹೈದರಾಬಾದಿನ ನಿಜಾಮನನ್ನು ಜೊತೆಗೆ ಹಾಕಿಕೊಂಡ. 1786ರಲ್ಲಿ ಇಬ್ಬರ ಸೈನ್ಯ ಸೇರಿ ಬಾದಾಮಿ ಕೋಟೆ ಹಿಡಿದವು. ಬಾದಾಮಿಗೆ ಪ್ರತಿಯಾಗಿ ಟಿಪ್ಪು ನಿಜಾಮನ ಮನೆತನದವರಿದ್ದ ಆದವಾನಿಯ ಮೇಲೆ ಬಿದ್ದ. ಅಲ್ಲಿಂದ ತುಂಗಭದ್ರೆ ದಾಟಿ ಸವಣೂರಿಗೆ ಬಂದ.

ಸವಣೂರಿನ ಕಥೆಯಂತೂ ನಮ್ಮ ಕಡೆ ಯಾವ ಮನೆಯಲ್ಲಾದರೂ ನಡೆಯಬಹುದಾದ್ದು. ಹೈದರಾಲಿಗೂ ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನಿಗೂ ಕೊಟ್ಟು ತಗೊಳ್ಳೋ ಸಂಬಂಧ. ಹೈದರನ ಮಗಳು ನವಾಬನ ಮಗನಿಗೆ, ನವಾಬನ ಮಗಳು ಹೈದರನ ಮಗನಿಗೆ. ಎರಡೂ ಕಡೆ ಒಂದೊಂದು ಹೆಣ್ಣು, ಲೆಕ್ಕ ಚುಕ್ತಾ. ಆದರೂ ಯುದ್ಧ ಬಂದಾಗ ನವಾಬ ಮರಾಠರ ಕಡೆ ಸೇರಿದ. ಬೀಗರ ಸೈನ್ಯವೇ ಬಂದು ಊರು ಹಿಡಿಯಿತು.

ಈ ಎರಡು ವರ್ಷದಲ್ಲಿ ಮೊದಲು ಶುರು ಮಾಡಿದವರು ಯಾರು? ಪುಣೆ, ಹೈದರಾಬಾದು, ಶ್ರೀರಂಗಪಟ್ಟಣ, ಯಾರನ್ನು ಕೇಳಿದರೂ ‘ನಾವಲ್ಲ’ ಅಂತಲೇ ಬರುತ್ತಿತ್ತು. ಎಲ್ಲರೂ ಮುಯ್ಯಿ ತೀರಿಸುತ್ತಿದ್ದವರೇ. ನಡುವೆ ಬೆಂದದ್ದು ರೋಣ, ನರಗುಂದ, ಬಾದಾಮಿಯ ಎರೆಹೊಲ.

1787ರ ಒಪ್ಪಂದ ಓದಿದರೆ ಮದುವೆ ಮನೆಯ ಪಟ್ಟಿ ಓದಿದ ಹಾಗಿರುತ್ತೆ. ಬಾದಾಮಿ, ಕಿತ್ತೂರು, ನರಗುಂದ ಮರಾಠರಿಗೆ. ಆದವಾನಿ ನಿಜಾಮನಿಗೆ ವಾಪಸ್. ಬಾಕಿ ಕಪ್ಪ ಅಂತ ನಲವತ್ತು ಲಕ್ಷ ಮೀರಿದ ರೂಪಾಯಿ ಟಿಪ್ಪುವಿನಿಂದ. ಈ ಕಡೆಯಿಂದ ಟಿಪ್ಪುವಿನ ಆಳ್ವಿಕೆಗೆ ಮನ್ನಣೆ, ಗೌರವದ ಸಂಬೋಧನೆ. ಕೊಟ್ಟಿದ್ದು, ತಗೊಂಡಿದ್ದು ಎಲ್ಲ ಬರೆದು ಮುಗಿಸಿದರು. ಪಟ್ಟಿ ಸರಿ ಹೋಯ್ತು, ಮನಸ್ಸು ಸರಿ ಹೋಗಲಿಲ್ಲ. ಮೂರೇ ವರ್ಷಕ್ಕೆ, 1790ರಲ್ಲಿ, ಮರಾಠರೂ ನಿಜಾಮನೂ ಇಂಗ್ಲಿಷರ ಕೈಹಿಡಿದು ಟಿಪ್ಪುವಿನ ಮೇಲೆ ಹೋದರು. 1792ರಲ್ಲಿ ಮೈಸೂರಿನ ಅರ್ಧ ರಾಜ್ಯ ಹೋಯ್ತು, ಮೂರು ಕೋಟಿ ಮೂವತ್ತು ಲಕ್ಷ ದಂಡ ಬಿತ್ತು, ಇಬ್ಬರು ಗಂಡುಮಕ್ಕಳು ಒತ್ತೆಯಾಳಾದರು. 1799ರಲ್ಲಿ ಟಿಪ್ಪು ಸತ್ತ. 1818ಕ್ಕೆ ಪೇಶ್ವೆಗಳ ಆಳ್ವಿಕೆಯೂ ಮುಗಿಯಿತು. ಇಬ್ಬರೂ ಒಬ್ಬರಿಗೊಬ್ಬರು ಹಾಕಿದ ಮುಯ್ಯಿಯನ್ನು ಮೂರನೆಯವನು ಬಡ್ಡಿ ಸಮೇತ ಎತ್ತಿಕೊಂಡು ಹೋದ.

ಇದಕ್ಕೂ ಸಾವಿರ ವರ್ಷ ಹಿಂದೆ ಇದೇ ಸೀಮೆಯಲ್ಲಿ ಇದಕ್ಕಿಂತ ಉದ್ದದ ಮುಯ್ಯಿ ನಡೆದಿತ್ತು. ಬಾದಾಮಿಯ ಇಮ್ಮಡಿ ಪುಲಿಕೇಶಿ ಪಲ್ಲವರ ನಾಡಿಗೆ ನುಗ್ಗಿದ. ಪಲ್ಲವ ನರಸಿಂಹವರ್ಮ 642ರ ಹೊತ್ತಿಗೆ ಬಾದಾಮಿಗೇ ಬಂದು ಊರು ಹಿಡಿದ, ‘ವಾತಾಪಿಕೊಂಡ’ ಅಂತ ಬಿರುದು ಇಟ್ಟುಕೊಂಡ, ಬಾದಾಮಿಯ ಬಂಡೆಯ ಮೇಲೆ ಶಾಸನ ಬರೆಸಿದ. ಸುಮಾರು ನೂರು ವರ್ಷ ಆದಮೇಲೆ ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿಗೆ ಹೋಗಿ ಗೆದ್ದ. ಲೆಕ್ಕದ ಪ್ರಕಾರ ಕಂಚಿ ಸುಡಬೇಕಿತ್ತು. ಅವನು ಕೈಲಾಸನಾಥ ದೇವಸ್ಥಾನದ ಸಂಪತ್ತು ನೋಡಿ, ಅದನ್ನು ದೇವರಿಗೇ ವಾಪಸ್ ಕೊಟ್ಟ. ಹಾಗಂತ ಆ ದೇವಸ್ಥಾನದಲ್ಲೇ ಶಾಸನ ಇದೆ. ತಮಿಳರ ಊರಿನ ನಡುಮಧ್ಯೆ, ಕನ್ನಡದಲ್ಲಿ.

ಅವನನ್ನು ಸಂತ ಮಾಡುವ ಅಗತ್ಯವಿಲ್ಲ. ಗೆದ್ದಮೇಲೆ ಕೊಟ್ಟ, ಕೊಟ್ಟಿದ್ದನ್ನು ಕಲ್ಲಲ್ಲಿ ಬರೆಸಿದ. ಅವನ ಮಗ ಕೀರ್ತಿವರ್ಮ ಮತ್ತೆ ಪಲ್ಲವರ ಮೇಲೆ ದಂಡೆತ್ತಿ ಹೋದ. ಆದರೂ ಒಂದು ಸಲ, ಒಬ್ಬ ಮನುಷ್ಯ, ತನ್ನ ಸರದಿ ಬಂದಾಗ ಎರಡನೆಯವನಾಗದೆ ಮೊದಲನೆಯವನಾದ. ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಸ್ಥಾನ ಈಗಲೂ ನಿಂತಿದೆ. ವಿರೂಪಾಕ್ಷ ಅಂತೀವಲ್ಲ, ಅದೇ. ಅದರ ರೂಪದಲ್ಲಿ ಕಂಚಿಯ ಕೈಲಾಸನಾಥನ ಛಾಯೆ ಇದೆ. ಲೂಟಿ ಮಾಡಿ ತಂದಿದ್ದರೆ ಚಿನ್ನ ಎಂದೋ ಕರಗಿರೋದು.

ಇದನ್ನೆಲ್ಲ ಅವ್ವನಿಗೆ ಹೇಳಲಿಲ್ಲ. ಅವಳ ಹತ್ತಿರ ಅವಳದೇ ಒಂದು ದಫ್ತರ ಇದೆ. ನಮ್ಮ ಮನೆ ಮದುವೆಗಳಲ್ಲಿ ಯಾರು ಏನು ಆಯೇರಿ ಮಾಡಿದರು ಅಂತ ಬರೆದಿಟ್ಟ ಹಳೇ ನೋಟ್‌ಬುಕ್. ಕುಬುಸದ ಖಣ ಒಂದು, ಟಾವೆಲ್ ಟೋಪಿ, ನೂರಾ ಒಂದು ರೂಪಾಯಿ. ಅದರಲ್ಲಿ ನಮ್ಮ ದೊಡ್ಡಪ್ಪನ ಮನೆಯ ಹೆಸರು ಹದಿನೈದು ವರ್ಷದಿಂದ ಖಾಲಿ ಇದೆ. ಅವರು ನಮ್ಮ ಅಕ್ಕನ ಮದುವೆಗೆ ಬರಲಿಲ್ಲ. ಅದಕ್ಕೆ ನಾವು ಅವರ ಮಗನ ಮದುವೆಗೆ ಹೋಗಲಿಲ್ಲ. ನಾವು ಸರಿಯಾಗಿ ಕರೆಯಲಿಲ್ಲ, ಅದಕ್ಕೇ ಬರಲಿಲ್ಲ ಅಂತ ಅವರು. ಇಬ್ಬರೂ ಎರಡನೆಯವರೇ.

ಫೋನ್ ಇಡೋ ಮುಂಚೆ ಅವ್ವ ಮೆಲ್ಲಗೆ ಹೇಳಿದಳು. ‘ದೊಡ್ಡಪ್ಪನ ಮನ್ಯಾಗ ಬರೋ ತಿಂಗಳು ಮೊಮ್ಮಗಳ ಲಗ್ನ ಐತಂತ. ಕಾರ್ಡ್ ಏನ್ ಬಂದಿಲ್ಲ.’

‘ಮತ್ತ?’

‘ಒಂದು ಸೀರಿ ತಂದಿಟ್ಟೀನಿ. ಕರೀದ ಹೆಂಗ ಹೋಗೋದಂತ ವಿಚಾರ ಮಾಡಾಕತ್ತೀನಿ.’

ಶನಿವಾರ ರಾತ್ರಿಯ ಗಜೇಂದ್ರಗಡ ಬಸ್ಸಿಗೆ ಸೀಟು ಹಾಕಿಸಿದ್ದೀನಿ. ಲಗ್ನಕ್ಕಿನ್ನೂ ಟೈಮಿದೆ. ಅದಕ್ಕೂ ಮುಂಚೆ ದೊಡ್ಡಪ್ಪನ ಮನೆಗೆ ಒಂದು ಸಲ ಹೋಗಿ ಚಾ ಕುಡಿದು ಬರಬೇಕು.