ಘಟಕ ಯಾವುದು? ಸೊಲ್ಲಾಪುರ–ಅಕ್ಕಲಕೋಟೆಯ ನಕ್ಷೆಗಳಲ್ಲಿ ಪ್ರದೇಶದ ವರ್ಗೀಕರಣ

ಸೊಲ್ಲಾಪುರದ ಭಾಷಾ ನಕ್ಷೆಯನ್ನು ಇಡೀ ಜಿಲ್ಲೆಯನ್ನೇ ಘಟಕವಾಗಿಟ್ಟು ಬಿಡಿಸಿದರೆ ಎಲ್ಲೆಡೆ ಮರಾಠಿಯ ಬಣ್ಣವೇ ಬೀಳುತ್ತದೆ. ತಾಲ್ಲೂಕನ್ನು ಘಟಕ ಮಾಡಿಕೊಂಡರೆ ಆಗ್ನೇಯದ ಅಂಚಿನಲ್ಲಿ ಅಕ್ಕಲಕೋಟೆ ಬೇರೆಯಾಗಿ ಎದ್ದು ಕಾಣುತ್ತದೆ. ಹಳ್ಳಿಗೊಂದರಂತೆ ಬಣ್ಣ ಹಚ್ಚುತ್ತ ಹೋದರೆ ಅಕ್ಕಲಕೋಟೆಯೊಳಗೆ ಮರಾಠಿ ಹಳ್ಳಿಗಳೂ ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಹಳ್ಳಿಗಳೂ ಹೊರಬೀಳುತ್ತವೆ. ಮೂರೂ ನಕ್ಷೆಗಳಿಗೆ ಆಧಾರ ಅದೇ ಜನಗಣತಿ. ಘಟಕ ಬದಲಾದಂತೆ ಫಲಿತಾಂಶವೂ ಬದಲಾಗುವ ಈ ತೊಡಕನ್ನು ಭೂಗೋಳತಜ್ಞ ಸ್ಟ್ಯಾನ್ ಓಪನ್‌ಶಾ 1984ರಲ್ಲಿ ವಿಸ್ತಾರವಾಗಿ ಚರ್ಚಿಸಿದರು. ಮಹಾರಾಷ್ಟ್ರ–ಕರ್ನಾಟಕ ಗಡಿಗಾಗಿ ವಾದಿಸುವ ನಮ್ಮವರು ಆ ಹೊತ್ತಿಗೆ ಕಾಲು ಶತಮಾನದಿಂದ ಅದೇ ತೊಡಕಿನೊಳಗೆ ಗುದ್ದಾಡುತ್ತಿದ್ದರು.

ಭೂಗೋಳಶಾಸ್ತ್ರ ಪ್ರದೇಶಗಳನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತದೆ: ಯಾವುದೋ ಒಂದು ಲಕ್ಷಣ ಉದ್ದಕ್ಕೂ ಹರಡಿರುವ ಏಕರೂಪ ಪ್ರದೇಶ, ಒಂದು ಕೇಂದ್ರದ ಸುತ್ತ ವ್ಯವಹಾರಗಳು ಹೆಣೆದುಕೊಂಡಿರುವ ಕಾರ್ಯಾತ್ಮಕ ಪ್ರದೇಶ, ಜನರ ಗ್ರಹಿಕೆಯಲ್ಲಿ ಮಾತ್ರ ನೆಲೆಯಿರುವ ಪ್ರದೇಶ. ಪಠ್ಯಪುಸ್ತಕದಲ್ಲಿ ಇವು ಅಕ್ಕಪಕ್ಕ ಸುಮ್ಮನೆ ಕುಳಿತಿರುತ್ತವೆ. ಭೀಮಾ–ಸೀನಾ ನದಿಗಳ ಈ ಬಯಲಿನಲ್ಲಿ ಒಂದರ ಗೆರೆ ಇನ್ನೊಂದರ ಗೆರೆಗೆ ಕೂಡಿಬರುವುದೇ ಇಲ್ಲ.

ಮಣ್ಣಿನ ಮಾತು ಸುಲಭ. ದಖ್ಖನಿನ ಬಸಾಲ್ಟ್ ಕಲ್ಲು, ಅದರ ಮೇಲೆ ಎರೆಭೂಮಿ, ಮಳೆ ನೆಚ್ಚಲಾಗದ ಬಯಲು, ಹಿಂಗಾರಿಗೆ ಬಿಳಿಜೋಳ. ಅಕ್ಕಲಕೋಟೆಯಿಂದ ಆಳಂದ, ಅಫಜಲಪುರ, ಇಂಡಿಗಳಿಗೆ ಹೋದರೂ ಈ ಚಿತ್ರ ಬದಲಾಗುವುದಿಲ್ಲ. ಮಣ್ಣಿನ ನಕ್ಷೆ ಬರೆಯುವವನಿಗೆ ರಾಜ್ಯಗಳ ಗಡಿ ಬೇಕೇ ಇಲ್ಲ.

ಭಾಷೆಯದು ಹಾಗಲ್ಲ. ರಾಜ್ಯಗಳ ಪುನರ್ವಿಂಗಡಣೆಗಾಗಿ ನೇಮಕಗೊಂಡು 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ಆಯೋಗ ಹೆಚ್ಚಾಗಿ ಜಿಲ್ಲೆಯನ್ನೇ ಘಟಕವಾಗಿ ಹಿಡಿಯಿತು. ರಾಜ್ಯದಲ್ಲಿ ಅಲ್ಪಸಂಖ್ಯಾತರಾದ ಭಾಷಿಕರು ಒಂದು ಜಿಲ್ಲೆಯಲ್ಲಿ ಶೇಕಡ 70ರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಜಿಲ್ಲೆಯ ಆಡಳಿತದಲ್ಲಿ ಅವರ ಭಾಷೆಗೆ ಸ್ಥಾನವಿರಬೇಕೆಂಬುದು ಅದರ ನಿಲುವು. ಅಕ್ಕಲಕೋಟೆಯ ಕನ್ನಡ ಈ ಅಳತೆಗೆ ನಿಲ್ಲುವಂತೆಯೇ ಇರಲಿಲ್ಲ, ಏಕೆಂದರೆ ಛೇದದಲ್ಲಿ ಪಂಢರಪುರ, ಬಾರ್ಶಿ, ಕರಮಾಳದ ಜನರೂ ಸೇರಿಕೊಂಡಿದ್ದರು. ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಗೆ ಸೇರಿದ್ದಾದರೂ ಭಾಷೆಯ ಕಾರಣಕ್ಕಲ್ಲ. ಅದು ಭೋಸಲೆ ಮನೆತನದ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನಗಳ ವಿಲೀನದ ವೇಳೆ ಆಡಳಿತದ ಅನುಕೂಲಕ್ಕೆ ಆದ ಜೋಡಣೆ ಎಂಟೇ ವರ್ಷಗಳಲ್ಲಿ ಭಾಷೆಯನ್ನು ಅಳೆಯುವ ಪಾತ್ರೆಯಾಯಿತು.

ಮಹಾರಾಷ್ಟ್ರ ಮುಂದೆ ಹಳ್ಳಿಯನ್ನೇ ಘಟಕ ಮಾಡಬೇಕೆಂದು ವಾದಿಸಿತು. ಆಂಧ್ರ–ಮದ್ರಾಸ್ ಗಡಿಗೆ ಪಾಟಸ್ಕರ್ ಬಳಸಿದ ಸೂತ್ರ ಅದಕ್ಕೆ ಮಾದರಿ. ಈ ಲೆಕ್ಕದಲ್ಲಿ ಅದು 814 ಹಳ್ಳಿಗಳನ್ನು ಕೇಳಿತು, 260 ಹಳ್ಳಿಗಳನ್ನು ಬಿಟ್ಟುಕೊಡಲು ಒಪ್ಪಿತು. ಈ ಗಡಿವಿವಾದಕ್ಕೆಂದು 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆ ತಾಲ್ಲೂಕನ್ನು ಇಡಿಯಾಗಿ, ದಕ್ಷಿಣ ಸೊಲ್ಲಾಪುರದ 65 ಹಾಗೂ ಜತ್ತದ 44 ಹಳ್ಳಿಗಳನ್ನು ಆಯ್ದು ಮೈಸೂರು (ಇಂದಿನ ಕರ್ನಾಟಕ) ರಾಜ್ಯಕ್ಕೆ ಶಿಫಾರಸು ಮಾಡಿತು. ಒಂದೇ ವರದಿಯಲ್ಲಿ ಒಂದು ಕಡೆ ತಾಲ್ಲೂಕು, ಇನ್ನೊಂದು ಕಡೆ ಹಳ್ಳಿ! ಇದನ್ನು ಅಸಂಗತವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದಟ್ಟವಾಗಿರುವಲ್ಲಿ ದೊಡ್ಡ ಘಟಕ, ಚದುರಿರುವಲ್ಲಿ ಸಣ್ಣ ಘಟಕ ಎಂಬುದು ನಕ್ಷಾಕಾರನಿಗೆ ಒಪ್ಪುವ ಕ್ರಮವೇ. ಆದರೆ ಎರಡೂ ಸರ್ಕಾರಗಳು ತಮಗೆ ನೆಲ ದಕ್ಕುವ ಘಟಕವನ್ನೇ ತತ್ವವೆಂದು ಸಾರಿದವು, ಅದರಲ್ಲಿ ಹೆಚ್ಚುಕಡಿಮೆ ಏನಿಲ್ಲ.

ಭೂಗೋಳತಜ್ಞ ಡೊನಾಲ್ಡ್ ಮೈನಿಗ್ 1965ರಲ್ಲಿ ಅಮೆರಿಕದ ಮಾರ್ಮನ್ ಸಂಸ್ಕೃತಿಯ ನೆಲವನ್ನು ತಿರುಳು, ಹರವು, ಅಂಚು ಎಂದು ಮೂರು ವಲಯವಾಗಿ ಬಿಡಿಸಿದರು. ಈ ಕ್ರಮ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಕನ್ನಡಕ್ಕೆ ವಿಜಯಪುರ–ಕಲಬುರಗಿ ತಿರುಳಾದರೆ, ಮೈಂದರ್ಗಿ, ದುಧನಿ, ನಾಗಣಸೂರ ಹರವಿನೊಳಗೆ ಬರುತ್ತವೆ. ಸೊಲ್ಲಾಪುರ ನಗರ ಅಂಚಿನಲ್ಲಿದೆ: ಕನ್ನಡ ಅಲ್ಲಿ ಮರಾಠಿ, ತೆಲುಗುಗಳ ಜೊತೆಗೆ ಬಾಳುತ್ತದೆ.

ಕಾರ್ಯಾತ್ಮಕ ನಕ್ಷೆ ಬರೆದರೆ ಇದೇ ಅಂಚು ಕೇಂದ್ರವಾಗುತ್ತದೆ. 1860ರಲ್ಲಿ ಸೊಲ್ಲಾಪುರ ಮುಟ್ಟಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲುದಾರಿ 1871ಕ್ಕೆ ರಾಯಚೂರು ತಲುಪಿತು. ಹೋಟಗಿಯಿಂದ ವಿಜಯಪುರ, ಗದಗಿಗೆ ಮೀಟರ್ ಗೇಜ್ ಹಳಿ ಕವಲೊಡೆಯಿತು. 1877ರಲ್ಲಿ ಸ್ಥಾಪನೆಯಾದ ಬಟ್ಟೆ ಗಿರಣಿ, ಅದರ ಬೆನ್ನಿಗೆ ಬಂದ ಗಿರಣಿಗಳು, ಮಗ್ಗಗಳು ಸುತ್ತಲ ಬರದ ಸೀಮೆಯಿಂದ ದುಡಿಯುವ ಕೈಗಳನ್ನು ಎಳೆದುಕೊಂಡವು. ಕರ್ನಾಟಕದ ಈರುಳ್ಳಿ ಇಂದಿಗೂ ಸೊಲ್ಲಾಪುರದ ಮಾರುಕಟ್ಟೆಗೆ ಹೋಗುತ್ತದೆ. ಕಲಬುರಗಿ ನಿಲ್ದಾಣ ಕೂಡ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲೇ ಇದೆ. ಭಾಷೆಯ ನಕ್ಷೆಯಲ್ಲಿ ಕಲಬುರಗಿ ಒಡೆಯ, ರೈಲಿನ ನಕ್ಷೆಯಲ್ಲಿ ಒಕ್ಕಲು.

ಮೂರನೆಯ ಬಗೆಯಾದ ಗ್ರಹಿಕೆಯ ಪ್ರದೇಶವನ್ನು ನಮ್ಮ ಆಯೋಗಗಳು ಅಳೆಯಲಿಲ್ಲ. ನಿಜಾಮನ ಆಳ್ವಿಕೆ 1948ರಲ್ಲಿ ಮುಗಿದರೂ ಅವನ ಸೀಮೆ ಜನರ ಬಾಯಲ್ಲಿ ‘ಮೊಗಲಾಯಿ’ಯಾಗಿ ಉಳಿಯಿತು. ಯಾತ್ರಿಕರಿಗೆ ಅಕ್ಕಲಕೋಟೆಯ ಸ್ವಾಮಿ ಸಮರ್ಥ, ಗಾಣಗಾಪುರದ ದತ್ತ, ತುಳಜಾಪುರದ ಭವಾನಿ, ಪಂಢರಪುರದ ವಿಠ್ಠಲ ಒಂದೇ ಸುತ್ತಿನ ನಿಲುಗಡೆಗಳು. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನಂದಿಧ್ವಜ (ನಂದಿಕೋಲು) ಹೊರಟಾಗ ಶಿವಶರಣ ಸಿದ್ಧರಾಮನ ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಎಲ್ಲೆ ಭೀಮೆಯ ಆಚೆಗೂ ಚಾಚಿಕೊಳ್ಳುತ್ತದೆ. 1950ರ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆದದ್ದೂ ಜಯದೇವಿತಾಯಿ ಲಿಗಾಡೆ ಅದೇ ಊರಿನಲ್ಲಿದ್ದು ಸಿದ್ಧರಾಮನ ಪುರಾಣ ಬರೆದದ್ದೂ ಈ ಗ್ರಹಿಕೆಯ ನೆಲದ ದಾಖಲೆಗಳೇ. ಎಷ್ಟು ಊರುಗಳಿಂದ ನಂದಿಕೋಲಿನ ಭಕ್ತರು ಬರುತ್ತಾರೆ ಎಂದು ಗುರುತು ಹಾಕಿದರೂ ಸಾಕು, ಒಂದು ಒಳ್ಳೆಯ ನಕ್ಷೆ ಸಿಗುತ್ತದೆ.

ಉಳಿದದ್ದು ಬಣ್ಣದ ಸಮಸ್ಯೆ. ಜನಗಣತಿಯಲ್ಲಿ ಮಾತೃಭಾಷೆಗೆ ಒಂದೇ ಉತ್ತರ, ಹೀಗಾಗಿ ಚುಕ್ಕೆ ನಕ್ಷೆಯಲ್ಲೂ ಒಬ್ಬನಿಗೆ ಒಂದೇ ಬಣ್ಣ. ಬಲ್ಲ ಇತರ ಎರಡು ಭಾಷೆಗಳವರೆಗೆ ಅದೇ ಗಣತಿ ಬೇರೆ ಕಲಮಿನಲ್ಲಿ ಬರೆದುಕೊಳ್ಳುತ್ತದೆ. ಗಡಿಯ ವಾದಕ್ಕಾಗಿ ತಯಾರಾದ ನಕ್ಷೆಗಳು ಆ ಕಲಮನ್ನು ಕಣ್ಣೆತ್ತಿಯೂ ನೋಡಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಅಕ್ಕಲಕೋಟೆಯ ಒಕ್ಕಲಿಗನನ್ನೂ, ಮಗ್ಗದ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಮರಾಠಿ ಆಡುವ ಸೊಲ್ಲಾಪುರದ ಪದ್ಮಶಾಲಿಯನ್ನೂ ತೋರಿಸಲು ಒಂದರ ಮೇಲೊಂದು ಬೀಳುವ ಗೀಟುಗಳ ನಕ್ಷೆ ಬೇಕು. ಅದನ್ನು ಅಕ್ಕಲಕೋಟೆ ತಾಲ್ಲೂಕಿನಿಂದಲೇ ಶುರುಮಾಡಬಹುದು.