‘ಆರಿಯಾನ್’ ಕಥೆಯ ದೇಶಾಂತರ

ವಯಸ್ಸಿನಲ್ಲಿ ಬಹಳ ಅಂತರವುಳ್ಳ ಸ್ತ್ರೀಪುರುಷರ ಪ್ರಣಯವನ್ನು ವಿನೋದನಾಟಕಕ್ಕೆ ವಸ್ತುವನ್ನಾಗಿ ಮಾಡಿಕೊಳ್ಳುವುದು ನಮ್ಮ ಕವಿಗಳಿಗೆ ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ರಾಜಪುತ್ರನಾದ ವಸುಮಿತ್ರನು ಸಿಂಧೂತೀರದಲ್ಲಿ ಯವನರನ್ನು ಗೆಲ್ಲುವಷ್ಟು ಬೆಳೆದಿರುವನು. ಅವನ ತಂದೆಯಾದರೋ ನಾಟ್ಯವನ್ನು ಕಲಿಯುತ್ತಿರುವ ತರುಣಿಗಾಗಿ ವಿದೂಷಕನ ಉಪಾಯಗಳನ್ನು ನಂಬಿ ಕುಳಿತಿರುವನು. ಅಗ್ನಿಮಿತ್ರನ ವಯಸ್ಸೆಷ್ಟೆಂದು ನಮ್ಮ ಪಂಡಿತರಲ್ಲಿ ಯಾರೂ ಲೆಕ್ಕಹಾಕಿ ದೂಷಿಸಿದಂತೆ ಕಾಣೆನು. ಆದರೆ ೧೯೫೭ರಲ್ಲಿ ತೆರೆಕಂಡ ‘ಲವ್ ಇನ್ ದಿ ಆಫ್ಟರ್‌ನೂನ್’ ಎಂಬ ಅಮೆರಿಕನ್ ಚಲಚ್ಚಿತ್ರದ ನಾಯಕನಿಗೆ ಈ ರಿಯಾಯಿತಿ ದೊರೆಯಲಿಲ್ಲ. ಆ ಚಿತ್ರದ ಪೂರ್ವೋತ್ತರಗಳು ವಿಚಾರಾರ್ಹವಾಗಿವೆ.

ಕಥೆಯ ಮೂಲವು ಕ್ಲೋದ್ ಆನೆ ಎಂಬ ಕಾವ್ಯನಾಮದವರು ೧೯೨೦ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ‘ಆರಿಯಾನ್’ ಎಂಬ ಕಾದಂಬರಿ. ಇವರ ನಿಜವಾದ ಹೆಸರು ಜಾನ್ ಶೋಫೆರ್, ಜನ್ಮಭೂಮಿ ಸ್ವಿಟ್ಜರ್ಲೆಂಡು. ೧೮೯೨ರ ಫ್ರೆಂಚ್ ಟೆನ್ನಿಸ್ ಪಂದ್ಯದಲ್ಲಿ ಪ್ರಥಮಸ್ಥಾನವನ್ನು ಪಡೆದಿದ್ದ ಈ ಮಹನೀಯರು ತರುವಾಯ ವೃತ್ತಪತ್ರಿಕೆಯ ಬಾತ್ಮೀದಾರರಾಗಿ ರಷ್ಯಾದ ಕ್ರಾಂತಿಯನ್ನು ಕಣ್ಣಾರೆ ಕಂಡರು. ಕಾದಂಬರಿಯ ನಾಯಿಕೆಯೂ ರಷ್ಯಾದೇಶದ ಕನ್ಯೆಯೇ. ತನಗೆ ಹಿಂದೆ ಅನೇಕ ಪ್ರಿಯರಿದ್ದರೆಂದು ಸುಳ್ಳು ಹೇಳಿ, ಅನುಭವಿಯಾದ ಪುರುಷನೆದುರು ತಾನೂ ಅನುಭವಸ್ಥೆಯೆಂದು ನಟಿಸುವುದು ಅವಳ ಸ್ವಭಾವ. ಕಥೆಯ ಜೀವವೆಲ್ಲ ಈ ಒಂದು ಸುಳ್ಳಿನಲ್ಲಿದೆ. ೧೯೩೧ರಲ್ಲಿ ಪಾಲ್ ಸಿನ್ನರ್ ಅವರು ಜರ್ಮನಿಯಲ್ಲಿ ಇದನ್ನು ಚಲಚ್ಚಿತ್ರವಾಗಿ ಮಾಡಿದರು. ಎಲಿಜಬೆತ್ ಬರ್ಗ್ನರ್ ನಾಯಿಕೆಯಾಗಿದ್ದರು. ಎರಡು ವರ್ಷಗಳೊಳಗೆ ಹಿಟ್ಲರನು ಅಧಿಕಾರಕ್ಕೆ ಬರಲಾಗಿ, ಯೆಹೂದ್ಯರಾದ ಇವರಿಬ್ಬರೂ ಇಂಗ್ಲೆಂಡಿನಲ್ಲಿ ನೆಲೆಯನ್ನರಸಬೇಕಾಯಿತು.

ಅದೇ ೧೯೩೩ರಲ್ಲಿ ಬರ್ಲಿನ್ನನ್ನು ತೊರೆದವರಲ್ಲಿ ಬಿಲ್ಲಿ ವೈಲ್ಡರ್ ಎಂಬ ತರುಣ ಲೇಖಕರೂ ಒಬ್ಬರು. ಅವರು ಮೊದಲು ಸೇರಿದ ಊರು ಪ್ಯಾರಿಸ್. ಅಲ್ಲಿ ಒಂದು ಚಿತ್ರವನ್ನು ನಿರ್ದೇಶಿಸಿ, ೧೯೩೪ರಲ್ಲಿ ಅಮೆರಿಕವನ್ನು ಸೇರಿದರು. ಯೂರೋಪಿನಲ್ಲಿ ಉಳಿದ ಅವರ ತಾಯಿಯು ನಾಟ್ಸಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಇಪ್ಪತ್ತು ವರ್ಷಗಳಿಗೂ ಮೀರಿದ ಮೇಲೆ ಆರಿಯಾನಳ ಕಥೆಯನ್ನು ಕೈಗೆತ್ತಿಕೊಂಡು, ತಾವು ಹಿಂದೆ ನಿರಾಶ್ರಿತರಾಗಿ ಬಂದಿದ್ದ ಪ್ಯಾರಿಸ್ಸಿಗೇ ಪ್ರಸಿದ್ಧ ನಿರ್ದೇಶಕರಾಗಿ ಮರಳಿದರು. ರಿಟ್ಜ್ ಹೋಟೆಲಿನ ಒಳಾಂಗಣಗಳನ್ನು ಚಿತ್ರಶಾಲೆಯೊಳಗೆ ಕಟ್ಟಿದವರು ಅಲೆಕ್ಸಾಂಡರ್ ಟ್ರಾವ್ನರ್. ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದಾಗ ಯೆಹೂದ್ಯರಾದ್ದರಿಂದ ತಲೆಮರೆಸಿಕೊಂಡು, ಗುಟ್ಟಾಗಿ ಚಿತ್ರಗಳಿಗೆ ವಿನ್ಯಾಸವನ್ನು ರಚಿಸುತ್ತಿದ್ದವರು. ಸಂಗೀತವನ್ನು ಹೊಂದಿಸಿದ ಫ್ರಾನ್ಸ್ ವ್ಯಾಕ್ಸ್‌ಮನ್ ಅವರೂ ಬರ್ಲಿನ್ ಬಿಟ್ಟು ಬಂದವರೇ. ಇಂತಹವರು ಕೂಡಿ ಇಷ್ಟು ಲಘುವಾದ ವಿನೋದವನ್ನು ಹೇಗೆ ರಚಿಸಿದರೆಂಬುದು ನನಗೆ ಇಂದಿಗೂ ಸೋಜಿಗವೇ.

ಇದರ ಸುಳಿವು ವೈಲ್ಡರರ ಗುರುಭಕ್ತಿಯಲ್ಲಿದೆಯೆಂದು ನನ್ನ ಅಭಿಪ್ರಾಯ. ಬರ್ಲಿನ್ನಿನವರೇ ಆದ ಅರ್ನೆಸ್ಟ್ ಲೂಬಿಚ್ ಅವರು ಬಾಯಿಬಿಟ್ಟು ಹೇಳದೆ, ಮುಚ್ಚಿದ ಬಾಗಿಲೊಂದನ್ನು ತೋರಿಸಿಯೇ ಎಲ್ಲವನ್ನೂ ತಿಳಿಸುತ್ತಿದ್ದರು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆಯುವುದು ಇದನ್ನೇ ಅಲ್ಲವೆ? ಲೂಬಿಚ್ ೧೯೪೭ರಲ್ಲಿ ತೀರಿಕೊಂಡರು. ಶಿಷ್ಯರು ಹತ್ತು ವರ್ಷಗಳ ತರುವಾಯ ತಮ್ಮ ಚಿತ್ರಕ್ಕೆ ಗುರುವಿನ ಹಳೆಯ ನಟರಿಬ್ಬರನ್ನೇ ಕರೆತಂದರು: ತಂದೆಯ ಪಾತ್ರಕ್ಕೆ ಮೋರಿಸ್ ಶೆವಾಲಿಯೇ, ನಾಯಕನ ಪಾತ್ರಕ್ಕೆ ಗ್ಯಾರಿ ಕೂಪರ್.

ಚಿತ್ರದಲ್ಲಿ ಆರಿಯಾನಳು ರಷ್ಯಾವನ್ನು ಬಿಟ್ಟು ಪ್ಯಾರಿಸ್ಸಿನವಳಾಗಿದ್ದಾಳೆ. ಚೆಲ್ಲೊ ವಾದ್ಯವನ್ನು ಅಭ್ಯಸಿಸುವ ವಿದ್ಯಾರ್ಥಿನಿ. ತಂದೆಯು ಖಾಸಗಿ ಪತ್ತೇದಾರ. ಪರರ ವ್ಯಭಿಚಾರಗಳನ್ನು ಬರೆದಿಟ್ಟ ಅವನ ಕಡತಗಳನ್ನು ಮಗಳು ಕದ್ದು ಓದುವಳು. ಫ್ಲ್ಯಾನಗನ್ ಎಂಬ ಅಮೆರಿಕದ ಧನಿಕನನ್ನು ಒಬ್ಬ ಗಂಡನು ಗುಂಡಿಕ್ಕಿ ಕೊಲ್ಲಲು ಹೊರಟಿರುವನೆಂದು ತಿಳಿದು, ಪೋಲೀಸರು ಕಿವಿಗೊಡದಿರಲು, ತಾನೇ ಹೋಟೆಲಿನ ಮೊಗಸಾಲೆಯನ್ನು ದಾಟಿ ಹೋಗಿ ಅವನನ್ನು ಉಳಿಸುವಳು. ಅಲ್ಲಿಂದ ಮಧ್ಯಾಹ್ನದ ಸಮಾಗಮಗಳು ಮೊದಲಾಗುವುವು. ತನ್ನ ಹೆಸರನ್ನೂ ಹೇಳದೆ, ಕಡತಗಳಲ್ಲಿ ಓದಿದ ಜಾರರನ್ನೆಲ್ಲ ತನ್ನ ಪ್ರಿಯರೆಂದು ಎಣಿಸಿ, ಅವಳು ಆ ಪಟ್ಟಿಯನ್ನು ಧ್ವನಿಲೇಖನಯಂತ್ರದಲ್ಲಿ ನುಡಿದಿಡುವಳು. ಎಷ್ಟೋ ಹೆಂಗಸರನ್ನು ಮರೆತ ಫ್ಲ್ಯಾನಗನ್ನನು ಅದನ್ನು ಮತ್ತೆಮತ್ತೆ ಕೇಳಿ ಅಸೂಯೆಯಿಂದ ಬೇಯುವನು. ಅವನ ಜೊತೆಗೆ ಸದಾ ಇರುವ ನಾಲ್ವರು ವಾದ್ಯಗಾರರು ಹಬೆಸ್ನಾನದ ಕೋಣೆಯೊಳಗೂ ಬಿಡದೆ ನುಡಿಸುವುದನ್ನು ನೋಡಿ ನಗದವರು ವಿರಳ.

ನಗೆಯ ನಡುವೆ ಒಂದು ಪ್ರಸಂಗವಿದೆ. ಅವಳಾರೆಂದು ಕಂಡುಹಿಡಿಯಲು ಫ್ಲ್ಯಾನಗನ್ನನು ನೇಮಿಸುವ ಪತ್ತೇದಾರನು ಅವಳ ತಂದೆಯೇ. ವಿವರಗಳನ್ನು ಕೇಳುತ್ತ ಕೇಳುತ್ತ ಅದು ತನ್ನ ಮಗಳೆಂದು ಅವನಿಗೆ ಗೊತ್ತಾಗುವುದು. ಆದರೂ ಕೋಪಗೊಳ್ಳದೆ, ವರದಿಯನ್ನು ಒಪ್ಪಿಸಿ, ಇವಳು ನಿನ್ನಂತಹವಳಲ್ಲ, ಬಿಟ್ಟು ಹೋಗು ಎಂದು ಬೇಡಿಕೊಳ್ಳುವನು. ಹೆಣ್ಣುಮಕ್ಕಳ ತಂದೆಯಾದವನು ಇಲ್ಲಿ ಶೆವಾಲಿಯೇ ಅವರ ಮುಖವನ್ನು ನೋಡಿ ಸುಮ್ಮನಿರಲಾರನು. ಚಿತ್ರದಲ್ಲಿ ವೃದ್ಧಾಪ್ಯವೆಂಬುದನ್ನು ಮರೆಮಾಡದೆ ತೋರಿಸಿರುವುದು ಈತನೊಬ್ಬನಲ್ಲಿಯೇ.

ನಾಯಕನದನ್ನಾದರೋ ಬಹಳವಾಗಿ ಮರೆಮಾಡಿದ್ದಾರೆ. ಕೂಪರರು ಹುಟ್ಟಿದ್ದು ೧೯೦೧ರಲ್ಲಿ. ಆರಿಯಾನಳಾದ ಆಡ್ರಿ ಹೆಪ್‌ಬರ್ನ್ ೧೯೨೯ರಲ್ಲಿ. ಇಪ್ಪತ್ತೆಂಟು ವರ್ಷಗಳ ಈ ಅಂತರವನ್ನು ತಗ್ಗಿಸಲೆಂದು ಕೂಪರರ ಮುಖವನ್ನು ಅನೇಕ ಕಡೆ ನೆರಳಿನಲ್ಲಿಟ್ಟು, ಮಸುಕಾದ ತೆರೆಯ ಮೂಲಕ ತೆಗೆದಿರುವರು. ಪ್ರಯೋಜನವಾಗಲಿಲ್ಲ, ನಾಯಕನು ಮುದುಕನೆಂದು ಅಮೆರಿಕದ ವಿಮರ್ಶಕರು ಹಳಿದರು, ಹಣವೂ ಅಲ್ಲಿ ಹುಟ್ಟಲಿಲ್ಲ. ವಯಸ್ಸು ದೋಷವೆಂದು ನಾನು ಹೇಳೆನು, ಕಥೆಯೇ ಅಂತಹದು. ಅದನ್ನು ಕತ್ತಲೆಯಲ್ಲಿ ಬಚ್ಚಿಡಹೋದುದೇ ತಪ್ಪು. ವೈಲ್ಡರರು ಮೊದಲು ಬಯಸಿದ್ದ ಕ್ಯಾರಿ ಗ್ರ್ಯಾಂಟ್ ಅವರು ಈ ಪಾತ್ರಕ್ಕೆ ಒಪ್ಪಿರಲಿಲ್ಲ. ಮುಂದೆ ೧೯೬೩ರ ‘ಶರೇಡ್’ನಲ್ಲಿ ಅದೇ ಹೆಪ್‌ಬರ್ನರೊಡನೆ ಅದೇ ಪ್ಯಾರಿಸ್ಸಿನಲ್ಲಿ ನಟಿಸುವಾಗ, ಬೆನ್ನುಹತ್ತುವವಳು ನಾಯಿಕೆಯೇ ಆಗಿರಬೇಕೆಂದು ಕೇಳಿ ಬರೆಯಿಸಿಕೊಂಡರಂತೆ. ಜಾಣರು.

ಕಡೆಯ ದೃಶ್ಯವು ರೈಲ್ವೆ ನಿಲ್ದಾಣದಲ್ಲಿ ನಡೆಯುವುದು. ತಂದೆಯ ಮಾತಿಗೆ ಒಪ್ಪಿ ಫ್ಲ್ಯಾನಗನ್ನನು ಹೊರಟಿರುವನು. ಗಾಡಿ ಚಲಿಸುತ್ತಿದೆ, ಆರಿಯಾನಳು ಅದರ ಜೊತೆಗೇ ಓಡುತ್ತ, ಕಣ್ಣೀರನ್ನು ನುಂಗಿಕೊಂಡು, ಇನ್ನೂ ಇಲ್ಲದ ಪ್ರಿಯರ ಹೆಸರನ್ನು ಹೇಳುತ್ತಲೇ ಇರುವಳು. ಅವನು ತಟಕ್ಕನೆ ಬಗ್ಗಿ ಅವಳನ್ನು ಎತ್ತಿ ಒಳಗೆಳೆದುಕೊಳ್ಳುವನು. ಅಮೆರಿಕದ ಕ್ಯಾಥೊಲಿಕ ನೀತಿಸಂರಕ್ಷಕರಿಗೆ ಇಷ್ಟು ಸಾಲದಾಯಿತು. ಅವರ ಸಮಾಧಾನಕ್ಕಾಗಿ ಶೆವಾಲಿಯೇ ಅವರ ಧ್ವನಿಯಲ್ಲಿ ಕೆಲವು ಮಾತುಗಳನ್ನು ಸೇರಿಸಿ, ಇಬ್ಬರೂ ಮದುವೆಯಾಗಿ ನ್ಯೂಯಾರ್ಕಿನಲ್ಲಿ ಯಾವಜ್ಜೀವ ಶಿಕ್ಷೆಯನ್ನು ಅನುಭವಿಸುತ್ತಿರುವರೆಂದು ಹೇಳಿಸಬೇಕಾಯಿತು. ‘ಆರಿಯಾನ್’ ಎಂಬ ಹಳೆಯ ಹೆಸರಿನಿಂದಲೇ ಚಿತ್ರವು ನಡೆದ ಯೂರೋಪಿನಲ್ಲಿ ಈ ಮಾತುಗಳು ಬೇಕಾಗಲಿಲ್ಲ. ಅಲ್ಲಿ ಗಾಡಿ ಹೊರಟುಹೋಗುವುದು, ತಂದೆಯು ನಿಲ್ದಾಣದಲ್ಲಿ ನಿಂತಿರುವನು.